ಒಂಟೆ, ಸೂರ್ಯಾಸ್ತ ಬಿಟ್ಟು: ಮರುಭೂಮಿ ಸಮ್ಮೇಳನಕ್ಕೆ ವಿನ್ಯಾಸ ಮಾಡುವ ಬಗೆ

ಮರುಭೂಮಿ ಕುರಿತ ಸಮ್ಮೇಳನ ಅಂದ ಕೂಡಲೇ ಸಂಘಟಕರ ವಾಟ್ಸಾಪ್ ಗುಂಪಿಗೆ ಮೊದಲು ಬಂದು ಬೀಳುವುದು ಒಂಟೆ ಸಾಲು, ಹಿಂದೆ ಕಿತ್ತಳೆ ಸೂರ್ಯ, ಪಕ್ಕದಲ್ಲಿ ಎರಡು ಕೈ ಮೇಲೆತ್ತಿ ನಿಂತ ಕ್ಯಾಕ್ಟಸ್. ಥಾರ್ ಮರುಭೂಮಿಯ ಕಾರ್ಯಕ್ರಮಕ್ಕೆ ಈ ಮೂರನ್ನೂ ಹಾಕಿದ ಕರಪತ್ರ ನೋಡಿದ್ದೇನೆ. ಆ ಕ್ಯಾಕ್ಟಸ್ ಅಮೆರಿಕ-ಮೆಕ್ಸಿಕೊ ಗಡಿಯ ಸೊನೋರಾ ಮರುಭೂಮಿಯದು. ಒಂಟೆಗೆ ಎರಡು ಡುಬ್ಬ ಬೇರೆ. ಭಾರತದಲ್ಲಿ ಅಂಥ ಒಂಟೆ ನೋಡಬೇಕಾದರೆ ಲಡಾಖ್‌ನ ನುಬ್ರಾ ಕಣಿವೆಗೆ ಹೋಗಬೇಕು, ಜೈಸಲ್ಮೇರ್‌ಗಲ್ಲ. ದಾರಿಹೋಕರಿಗೆ ಇದು ಗೊತ್ತಾಗಲಿಕ್ಕಿಲ್ಲ. ಆದರೆ ಅಲ್ಲಿ ಸೇರುವವರು ಅದೇ ಮರಳು, ಅದೇ ಗಿಡ ನೋಡುತ್ತಲೇ ತಲೆ ಬೆಳ್ಳಗಾದವರು. ಅವರ ಎದುರು ತಪ್ಪು ಡುಬ್ಬ ನಿಲ್ಲಿಸಬಾರದು.

ನನ್ನ ಕಸುಬು ಬೆಂಗಳೂರಿನಲ್ಲಿ ಕೂತು ಇಂಥ ಸಮ್ಮೇಳನಗಳಿಗೆ ಲೋಗೋ, ಬ್ಯಾನರ್, ಬ್ಯಾಡ್ಜು, ಸ್ಲೈಡು ಮಾಡಿಕೊಡುವುದು. ಊರು ಬಳ್ಳಾರಿ ಕಡೆ, ಹಾಗಾಗಿ ಬಿಸಿಲು, ಜಾಲಿ, ಬಂಡೆ ಹೊಸದಲ್ಲ. ಜೋಧಪುರದಲ್ಲಿ ಒಣಭೂಮಿ ಸಂಶೋಧಕರು ಸೇರಿದ ಸಮ್ಮೇಳನವೊಂದಕ್ಕೆ ಮಾಡಿದ ಕೆಲಸವನ್ನೇ ಇಟ್ಟುಕೊಂಡು, ಇದನ್ನು ಯಾವ ಕ್ರಮದಲ್ಲಿ ಮಾಡಬೇಕು ಅಂತ ಹೇಳುತ್ತೇನೆ.

ಯಾವ ಮರುಭೂಮಿ?

ಕಂಪ್ಯೂಟರ್ ತೆರೆಯುವ ಮೊದಲು ಸಮಿತಿಯವರನ್ನು ಒಂದು ಪ್ರಶ್ನೆ ಕೇಳಿ: "ಹೊಸ ವಿದ್ಯಾರ್ಥಿಯನ್ನು ಮೊದಲ ಸಲ ಫೀಲ್ಡಿಗೆ ಕರ್ಕೊಂಡು ಹೋದ್ರೆ ಏನು ತೋರಿಸ್ತೀರಿ?" ಲೋಗೋದಲ್ಲಿ ಏನಿರಬೇಕು ಅಂತ ಕೇಳಿದರೆ ಒಂಟೆ ಬರುತ್ತದೆ. ಹೀಗೆ ಕೇಳಿದರೆ ಬೇರೆಯೇ ಬರುತ್ತದೆ. ಸಸ್ಯಶಾಸ್ತ್ರದವರು ಖೇಜ್ರಿ ಅಂದರು. ನಾವು ದಸರಾಕ್ಕೆ ಪೂಜೆ ಮಾಡಿ ಎಲೆ ಹಂಚುವ ಬನ್ನಿ ಮರವೇ ಅದು, ರಾಜಸ್ಥಾನದ ರಾಜ್ಯವೃಕ್ಷ. ಅದನ್ನು ಕಡಿಯಲು ಬಿಡದೆ 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಭೂವಿಜ್ಞಾನದವರು ಮೆಹ್ರಾನ್‌ಗಢ ಕೋಟೆ ಕೂತಿರುವ ಜ್ವಾಲಾಮುಖಿ ಬಂಡೆಯನ್ನು ಹೇಳಿದರು. ಕಂದು-ನೇರಳೆ ಬಣ್ಣದ ರಯೊಲೈಟ್, ವಯಸ್ಸು 70 ಕೋಟಿ ವರ್ಷಕ್ಕೂ ಮೇಲೆ. ನೀರಿನ ಮೇಲೆ ಕೆಲಸ ಮಾಡುವವರು ಟಾಂಕಾ, ಅಂದರೆ ಮಳೆನೀರಿನ ತೊಟ್ಟಿ, ಅಂದರು. ಸಮಾಜವಿಜ್ಞಾನದ ಒಬ್ಬರು ಸ್ವಲ್ಪ ಬಿಸಿಯಾಗಿಯೇ ಹೇಳಿದರು: "ಮೇಡಂ, ದಯವಿಟ್ಟು ಖಾಲಿ ಮರಳು ಹಾಕಬೇಡಿ. ಇಲ್ಲಿ ಜನ ಇದ್ದಾರೆ." ಜಗತ್ತಿನ ಅತಿ ಹೆಚ್ಚು ಜನವಸತಿಯ ಮರುಭೂಮಿಗಳಲ್ಲಿ ಥಾರ್ ಒಂದು. ಅವರ ಸಿಟ್ಟಿಗೆ ಅರ್ಥ ಇದೆ.

ಈ ಪಟ್ಟಿಯಿಂದ ಒಂದನ್ನು ಮಾತ್ರ ಆರಿಸಿ. ಖೇಜ್ರಿ, ಬಂಡೆ, ಕೋಟೆ, ನವಿಲು, ಸೌರಫಲಕ ಎಲ್ಲವನ್ನೂ ಒಂದೇ ವೃತ್ತದೊಳಗೆ ತುರುಕಿದ ಲೋಗೋ ಸಮಿತಿಯಲ್ಲಿ ಸಲೀಸಾಗಿ ಪಾಸಾಗುತ್ತದೆ, ಯಾರಿಗೂ ಬೇಜಾರಿಲ್ಲ. ಬ್ಯಾಡ್ಜಿನ ಮೇಲೆ ಮಾತ್ರ ಅದು ಶಾಯಿ ಕಲೆಯ ಹಾಗೆ ಕಾಣುತ್ತದೆ.

ನಾನು ಆರಿಸಿದ್ದು ಟಾಂಕಾ. ಜೈಸಲ್ಮೇರ್ ಕಡೆ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು. ಅದನ್ನು ಹಿಡಿಯಲು ನೆಲದಲ್ಲಿ ದುಂಡಗೆ ತೋಡಿದ ತೊಟ್ಟಿ ಇದು. ಸುತ್ತಲೂ ನೆಲವನ್ನು ತೊಟ್ಟಿಯ ಕಡೆಗೆ ತುಸು ಇಳಿಜಾರಾಗಿ ಗಟ್ಟಿ ಮಾಡಿರುತ್ತಾರೆ, ಆ ಅಂಗಳಕ್ಕೆ ಆಗೋರ್ ಅಂತಾರೆ. ತೊಟ್ಟಿಯ ಗೋಡೆಯಲ್ಲಿ ನೀರು ಒಳಗಿಳಿಯಲು ಕಿಂಡಿಗಳು, ಮೇಲೆ ಮುಚ್ಚಳ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಮೀಟರ್ ತ್ರಿಜ್ಯದ ಅಂಗಳಕ್ಕೆ 100 ಮಿ.ಮೀ. ಬಿದ್ದರೆ 31,000 ಲೀಟರ್ ದಾಟುತ್ತದೆ, ಇಂಗಿ ಆರಿ ಹೋಗುವುದನ್ನು ಕಳೆದರೂ ಒಂದು ಮನೆಗೆ ಅದು ದೊಡ್ಡ ಮೊತ್ತ. ಮೇಲಿನಿಂದ ನೋಡಿದರೆ ಇಷ್ಟೇ: ದೊಡ್ಡ ವೃತ್ತ, ನಡುವೆ ಚಿಕ್ಕ ವೃತ್ತ, ಒಳಗೆ ಹರಿದು ಬರುವ ಗೆರೆಗಳು. ಎಲ್ಲ ದಿಕ್ಕಿನಿಂದ ಬಂದವರು ಒಂದು ಕಡೆ ಸೇರುತ್ತಾರೆ ಅಂತ ಅರ್ಥ ಹೇಳಬಹುದು. ಹೇಳಿ, ಸಮಿತಿಗಳಿಗೆ ಅರ್ಥ ಇಷ್ಟ. ನನಗೆ ಮುಖ್ಯವಾಗಿದ್ದು ಅದನ್ನು ಯಾರು ಬೇಕಾದರೂ ಕಂಪಾಸ್ ಹಿಡಿದು ಬರೆಯಬಹುದು ಅನ್ನುವುದು.

ಒಳವೃತ್ತದ ಅಗಲ ಹೊರವೃತ್ತದ ಅಗಲದ ಐದನೇ ಒಂದು ಭಾಗ, ಗೆರೆಗಳು ಹನ್ನೆರಡು, ಗೆರೆಯ ದಪ್ಪ ಮಧ್ಯಕ್ಕೆ ಬಂದಂತೆ ಕಡಿಮೆಯಾಗಬಾರದು. ಇದನ್ನು 16 ಪಿಕ್ಸೆಲ್‌ಗೆ ಇಳಿಸಿ ನೋಡಿ, ಬ್ರೌಸರ್ ಟ್ಯಾಬಿನ ಮೇಲೆ ಕಾಣುವ ಗಾತ್ರ ಅದು. ಒಳವೃತ್ತ ಮೂರು ಪಿಕ್ಸೆಲ್‌ನ ಚುಕ್ಕೆ ಆಗುತ್ತದೆ, ಗೆರೆಗಳು ಕಲಸಿಹೋಗುತ್ತವೆ. ಅದಕ್ಕೇ ಲೋಗೋವನ್ನು ಎರಡು ರೂಪದಲ್ಲಿ ಮಾಡಿಡಿ: ಗೆರೆ ಇರುವುದು, ಗೆರೆ ಇಲ್ಲದೆ ಉಂಗುರ-ಚುಕ್ಕೆ ಮಾತ್ರ ಇರುವುದು. ಯಾವ ಗಾತ್ರದ ಕೆಳಗೆ ಎರಡನೆಯದನ್ನು ಬಳಸಬೇಕು ಅಂತ ಬರೆದೇ ಕೊಡಿ.

ದಿಬ್ಬ ಬೇಕೇ ಬೇಕು ಅಂದರೆ

ಹಿನ್ನೆಲೆಗೆ ಮರಳಿನ ವಿನ್ಯಾಸ ಬೇಕು ಅಂತ ಕೇಳಿಯೇ ಕೇಳುತ್ತಾರೆ. ಕೊಡೋಣ, ಆದರೆ ಗಾಳಿ ತಿಳಿದು ಕೊಡೋಣ. ಭೂರೂಪವಿಜ್ಞಾನದ ಒಬ್ಬ ಪ್ರಾಧ್ಯಾಪಕರು ನನ್ನ ಪೆನ್ನು ಇಸ್ಕೊಂಡು ಟಿಶ್ಯೂ ಕಾಗದದ ಮೇಲೆ ಎರಡು ದಿಬ್ಬ ಬರೆದು, "ಇದರಲ್ಲಿ ಗಾಳಿ ಎತ್ತಲಿಂದ, ಹೇಳಿ" ಅಂದರು. ಮೊದಲನೆಯದು ಅರ್ಧಚಂದ್ರದ ಬರ್ಖಾನ್. ಅದರ ಕೊಂಬುಗಳು ಗಾಳಿ ಹೋಗುವ ದಿಕ್ಕಿಗೆ ಚಾಚಿರುತ್ತವೆ. ಎರಡನೆಯದು ಪ್ಯಾರಾಬೋಲಿಕ್ ದಿಬ್ಬ. ನೋಡಲು ಹೆಚ್ಚುಕಡಿಮೆ ಅದೇ ಆಕಾರ, ತೋಳು ಮಾತ್ರ ತಿರುಗುಮುರುಗು. ಗಿಡಗಂಟೆ ಅಂಚುಗಳನ್ನು ಹಿಡಿದುಕೊಂಡು, ನಡುವಿನ ಮರಳು ಮುಂದೆ ಸರಿದುಹೋಗಿ, ತೋಳುಗಳು ಗಾಳಿ ಬರುವ ಕಡೆಗೆ ಹಿಂದೆ ಉಳಿಯುತ್ತವೆ. ಥಾರ್‌ನಲ್ಲಿ ಈ ಎರಡನೆಯದು ಧಾರಾಳ. ಅಲ್ಲಿ ದಿಬ್ಬ ಕಟ್ಟುವುದು ಮುಖ್ಯವಾಗಿ ನೈಋತ್ಯದ ಬೇಸಿಗೆ ಗಾಳಿ. ಆದ್ದರಿಂದ ಉತ್ತರ ಮೇಲಿಟ್ಟು ಬರೆದರೆ ಬರ್ಖಾನ್ ಕೊಂಬು ಬಲ ಮೇಲ್ಮೂಲೆಗೆ, ಪ್ಯಾರಾಬೋಲಿಕ್ ತೋಳು ಎಡ ಕೆಳಮೂಲೆಗೆ ಚಾಚಬೇಕು. ಪಕ್ಕದ ನೋಟ ಬರೆಯುವುದಾದರೆ ಗಾಳಿ ಹೊಡೆಯುವ ಬೆನ್ನು ಉದ್ದಕ್ಕೆ, ಮೆತ್ತಗೆ ಏರುತ್ತದೆ; ಮರಳು ಜಾರುವ ಇನ್ನೊಂದು ಮುಖ 32-34 ಡಿಗ್ರಿ ಕಡಿದು. ಎರಡೂ ಕಡೆ ಒಂದೇ ಇಳಿಜಾರು ಬರೆದರೆ ಅದು ಜಲ್ಲಿ ಗುಡ್ಡೆ.

ಕೈಯಲ್ಲಿ ಬರೆಯುವ ಬದಲು ಉಪಗ್ರಹ ಚಿತ್ರದಿಂದ ಎತ್ತಿಕೊಳ್ಳುವುದು ಇನ್ನೂ ಒಳ್ಳೆಯದು. ಯುರೋಪಿನ ಸೆಂಟಿನೆಲ್-2 ಚಿತ್ರಗಳು ಕೋಪರ್ನಿಕಸ್ ತಾಣದಲ್ಲಿ ಉಚಿತ, ಒಂದು ಪಿಕ್ಸೆಲ್‌ಗೆ 10 ಮೀಟರ್. ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸರಿದು, ಮೋಡವಿಲ್ಲದ ಚಳಿಗಾಲದ ದಿನ ಹುಡುಕಿ. ಚಳಿಗಾಲದ ಇಳಿ ಬಿಸಿಲಿಗೆ ನೆರಳು ಉದ್ದ, ದಿಬ್ಬದ ನೆತ್ತಿ ಎದ್ದು ಕಾಣುತ್ತದೆ. ಆ ಚಿತ್ರವನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಕೆಳಗಿಟ್ಟು ನೆತ್ತಿಯ ಗೆರೆ ಮಾತ್ರ ಪೆನ್ ಟೂಲಿನಲ್ಲಿ ಎಳೆಯಿರಿ, ಆಮೇಲೆ ಚಿತ್ರ ತೆಗೆದುಬಿಡಿ. ಉಳಿಯುವ ಗೆರೆಗಳ ಜಾಲ ಯಾವ ಸ್ಟಾಕ್ ತಾಣದಲ್ಲೂ ಸಿಗುವುದಿಲ್ಲ. ಕಾರ್ಯಕ್ರಮ ಪುಸ್ತಕದ ಕೊನೆಯ ಪುಟದಲ್ಲಿ "ಮಾರ್ಪಡಿಸಿದ ಕೋಪರ್ನಿಕಸ್ ಸೆಂಟಿನೆಲ್ ದತ್ತಾಂಶ" ಅಂತ ವರ್ಷದ ಜೊತೆ ಹಾಕಲು ಮರೆಯಬೇಡಿ, ಅದು ಅವರ ಷರತ್ತು. ಇನ್ನೊಂದು: ಥಾರ್ ಗಡಿಯಾಚೆಗೂ ಇದೆ. ನಕ್ಷೆ ಹಾಕದಿದ್ದರೆ ನೆಮ್ಮದಿ. ಹಾಕಲೇಬೇಕಾದರೆ ಗಡಿರೇಖೆಯನ್ನು ಸರ್ವೇ ಆಫ್ ಇಂಡಿಯಾದ ನಕ್ಷೆಯಿಂದಲೇ ತೆಗೆದುಕೊಳ್ಳಿ.

ಬಣ್ಣ

ಫೋಟೋಗಳನ್ನು ನಂಬಬೇಡಿ. ಪ್ರವಾಸಿಗರು ಕ್ಲಿಕ್ ಮಾಡುವುದು ಸಂಜೆ ಹೊತ್ತಿಗೆ, ಆಗ ಮರಳೆಲ್ಲ ಕಿತ್ತಳೆ. ಮಧ್ಯಾಹ್ನದ ಮರಳು ಮಾಸಲು ಗೋಧಿ ಬಣ್ಣದ್ದು. ಒಂದು ಹಿಡಿ ಮರಳು, ಜೈಸಲ್ಮೇರ್‌ನ ಹಳದಿ ಸುಣ್ಣಕಲ್ಲಿನ ಚೂರು, ಕೋಟೆ ಬಂಡೆಯ ಬಣ್ಣದ ಕಲ್ಲು ತರಿಸಿಕೊಂಡು ಬಿಳಿ ಹಾಳೆಯ ಮೇಲೆ ನೆರಳಲ್ಲಿಟ್ಟು ಬಣ್ಣ ಹೊಂದಿಸಿ. ನನಗೆ ಸಿಕ್ಕ ಮರಳು ಆರ್‌ಜಿಬಿಯಲ್ಲಿ 214, 196, 158. ಬಂಡೆ 74, 48, 46.

ಮರಳು ಬಣ್ಣ ಚಂದ ಇದೆ ಅಂತ ಅದರಲ್ಲಿ ಅಕ್ಷರ ಬರೆಯಲು ಹೋಗಬೇಡಿ. ಬಿಳಿ ಹಿನ್ನೆಲೆಯಲ್ಲಿ ಅದರ ಕಾಂಟ್ರಾಸ್ಟ್, ಅಂದರೆ ಅಕ್ಷರ-ಹಿನ್ನೆಲೆಗಳ ಹೊಳಪಿನ ಅನುಪಾತ, 1.7ರಷ್ಟು, ಸಣ್ಣ ಅಕ್ಷರಕ್ಕೆ ಬೇಕಾದದ್ದು ಕನಿಷ್ಠ 4.5. ಪರದೆ ಮೇಲೆ ಹೇಗೋ ಕಂಡೀತು, ಕಿಟಕಿ ತೆರೆದ ಸೆಮಿನಾರ್ ಹಾಲಿನ ಹಳೇ ಪ್ರೊಜೆಕ್ಟರಿನಲ್ಲಿ ಮಾಯ. ಅದೇ ಮರಳಿನ ಮೇಲೆ ಬಂಡೆ ಬಣ್ಣದ ಅಕ್ಷರ ಇಟ್ಟರೆ 7ರ ಹತ್ತಿರ, ಬಿಳಿ ಮೇಲೆ 12. ಹಾಗಾಗಿ ಮರಳು ಹಿನ್ನೆಲೆಗೆ, ಬಂಡೆ ಅಕ್ಷರಕ್ಕೆ, ಖೇಜ್ರಿ ಎಲೆಯ ಮಂಕು ಹಸಿರು ಕೋಷ್ಟಕ-ಪಟ್ಟಿಗಳಿಗೆ. ಕಣ್ಣು ಸೆಳೆಯುವ ಬಣ್ಣ ಒಂದೇ ಇರಲಿ. ಜೋಧಪುರದ ನೀಲಿ ಮನೆಗಳ ನೀಲಿ ಎಲ್ಲರಿಗೂ ಹೊಳೆಯುತ್ತದೆ, ನಾನು ಹಿಡಿದದ್ದು ರೋಹಿಡಾ ಹೂವಿನ ಕಿತ್ತಳೆ. ಅದು ರಾಜಸ್ಥಾನದ ರಾಜ್ಯಪುಷ್ಪ. ಚಳಿ ಮುಗಿಯುವ ಹೊತ್ತಿಗೆ ಒಣ ನೆಲದ ಮಧ್ಯೆ ಮರ ತುಂಬ ಅರಳುತ್ತದೆ. ಬಾಣದ ಗುರುತು, ಕೊನೆಯ ದಿನಾಂಕ, ನೋಂದಣಿ ಬಟನ್, ಇಷ್ಟಕ್ಕೆ ಮಾತ್ರ ಆ ಕಿತ್ತಳೆ. ಬಣ್ಣಗಳಿಗೆ ಮರಳು, ಬಂಡೆ, ಖೇಜ್ರಿ, ರೋಹಿಡಾ ಅಂತಲೇ ಹೆಸರಿಡಿ. "ಪ್ರೈಮರಿ ಟೂ" ಅಂದರೆ ಸ್ವಯಂಸೇವಕ ಹುಡುಗರಿಗೆ ನೆನಪಿರುವುದಿಲ್ಲ.

ಅಕ್ಷರ

ಜೋಧಪುರದಲ್ಲಿ ಹಿಂದಿ-ಇಂಗ್ಲಿಷ್ ಎರಡೂ ಬೇಕು. ಎಕ್ ಟೈಪ್‌ನವರ ಅನೇಕ್ ಫಾಂಟ್ ಬಳಸಿದೆ: ದೇವನಾಗರಿ, ಲ್ಯಾಟಿನ್ ಒಂದೇ ಮನೆಯವು, ದಪ್ಪ-ಅಗಲ ಎರಡೂ ಬದಲಿಸಬಹುದು, ಉಚಿತ ಪರವಾನಗಿ. ಅದರಲ್ಲೇ ಕನ್ನಡವೂ ಇದೆ, ಧಾರವಾಡದಲ್ಲೋ ಕಲಬುರಗಿಯಲ್ಲೋ ಇಂಥದ್ದೇ ಸಮ್ಮೇಳನ ಮಾಡಿದರೆ ಕೆಲಸಕ್ಕೆ ಬರುತ್ತದೆ. ದೇವನಾಗರಿಗೆ ಮೇಲಿನ ಮಾತ್ರೆ, ಕನ್ನಡಕ್ಕೆ ಕೆಳಗಿನ ಒತ್ತಕ್ಷರ; ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇವುಗಳಿಗೆ ಸಾಲದು, ಒಂದೂವರೆ ಪಟ್ಟು ಕೊಡಿ. ನಮ್ಮ ಕಚೇರಿಗಳಿಂದ ನುಡಿಯಲ್ಲಿ ಟೈಪ್ ಮಾಡಿದ ಪಠ್ಯ ಬರುವ ಹಾಗೆ ಅಲ್ಲಿ ಕೃತಿದೇವ್ ಅನ್ನುವ ಹಳೇ ಹಿಂದಿ ಫಾಂಟಿನಲ್ಲಿ ಬರುತ್ತದೆ. ಯೂನಿಕೋಡ್‌ಗೆ ಬದಲಿಸಿದ ಮೇಲೆ ಹಿಂದಿ ಬಲ್ಲವರ ಕೈಲಿ ಓದಿಸಿಯೇ ಮುದ್ರಣಕ್ಕೆ ಕಳಿಸಿ. ಮರಳಿನಲ್ಲಿ ಗೀಚಿದಂತೆ ಕಾಣುವ ಫಾಂಟುಗಳ ಆಸೆ ಬೇಡ.

ಹುಡುಗರ ಕೈಗೆ ಕೊಡುವ ಕಡತ

ನಿಮ್ಮ ವಿನ್ಯಾಸವನ್ನು ನಿಜವಾಗಿ ಬಳಸುವವರು ಪಿಎಚ್‌ಡಿ ವಿದ್ಯಾರ್ಥಿಗಳು, ಅದೂ ಉದ್ಘಾಟನೆಯ ಹಿಂದಿನ ರಾತ್ರಿ ಪವರ್‌ಪಾಯಿಂಟ್‌ನಲ್ಲಿ. ಅವರ ಹತ್ತಿರ ಫಿಗ್ಮಾದಂಥ ವಿನ್ಯಾಸ ತಂತ್ರಾಂಶ ಇರುವುದಿಲ್ಲ, ಇದ್ದರೂ ಹೊತ್ತಿರುವುದಿಲ್ಲ. ಮೂವತ್ತು ಪುಟದ ನಿಯಮಾವಳಿ ಬರೆದು ಕೊಟ್ಟರೆ ಅದನ್ನು ತೆರೆಯುವವರಿಲ್ಲ. ಒಂದು ಪುಟ ಕೊಡಿ, ಉಳಿದದ್ದೆಲ್ಲ ತುಂಬಿದರೆ ಆಯಿತು ಅನ್ನುವ ಟೆಂಪ್ಲೇಟ್ ಆಗಿರಲಿ: 16:9 ಸ್ಲೈಡ್, ಎ0 ಪೋಸ್ಟರ್, ಬಾಗಿಲಿಗೆ ಅಂಟಿಸುವ ಎ4 ಸೂಚನೆ, ಪ್ರಮಾಣಪತ್ರ, ಬ್ಯಾಡ್ಜು. ಲೋಗೋ ಸ್ಲೈಡ್ ಮಾಸ್ಟರ್‌ನೊಳಗೆ ಇರಲಿ, ಎಳೆದಾಡಲು ಸಿಗಬಾರದು. ಎ0 ಪೋಸ್ಟರ್ 841×1189 ಮಿ.ಮೀ. ಅದರಲ್ಲಿ ನಿಮ್ಮ ತಲೆಪಟ್ಟಿ 100 ಮಿ.ಮೀ. ದಾಟಬಾರದು, ಉಳಿದ ಜಾಗ ಸಂಶೋಧಕರದ್ದು.

ಬ್ಯಾಡ್ಜಿಗೆ ಎ6 ಗಾತ್ರ ಸರಿ. ಹೆಸರು 30 ಪಾಯಿಂಟ್ ಮೇಲಿರಲಿ, ಸಂಸ್ಥೆಯ ಹೆಸರು 14. ಸಮ್ಮೇಳನದ ಹೆಸರು ದೊಡ್ಡದು ಮಾಡಿ ಮನುಷ್ಯರ ಹೆಸರು ಸಣ್ಣದು ಮಾಡುವ ಚಾಳಿ ಎಲ್ಲ ಕಡೆ ಇದೆ. ಚಹಾದ ಹೊತ್ತಲ್ಲಿ ಎದುರಿಗೆ ನಿಂತವರಿಗೆ ತಾವು ಯಾವ ಸಮ್ಮೇಳನದಲ್ಲಿದ್ದೇವೆ ಅನ್ನುವುದು ಗೊತ್ತಿರುತ್ತದೆ. ಎರಡೂ ಬದಿಗೆ ಹೆಸರು ಮುದ್ರಿಸಿ, ಕೊರಳ ದಾರ ತಿರುಗಿಕೊಳ್ಳದೆ ಇರುವುದಿಲ್ಲ.

ಪ್ರಾಯೋಜಕರ ಲೋಗೋಗಳಿಗೆ ಒಂದು ಬಿಳಿ ಪಟ್ಟಿ ಮೀಸಲಿಡಿ. ಮರಳಿನ ಮೇಲೆ ಹತ್ತು ಬಣ್ಣದ ಲೋಗೋ ಕೂರಿಸಿದರೆ ಹೊಂದಿಸಿದ ಬಣ್ಣವೆಲ್ಲ ಹಾಳು. "ಸರ್ಕಾರದ ಅನುದಾನ ಇದೆ, ಸಿಂಹ ಲಾಂಛನ ಹಾಕಿ" ಅಂತ ಯಾರಾದರೂ ಅಂದರೆ ಲಿಖಿತ ಅನುಮತಿ ಕೇಳಿ. ರಾಷ್ಟ್ರಲಾಂಛನದ ಬಳಕೆಗೆ 2005ರ ಕಾಯ್ದೆ ಇದೆ, ಮನಸ್ಸಿಗೆ ಬಂದ ಹಾಗೆ ಹಾಕುವಂತಿಲ್ಲ.

ಮುದ್ರಣ

ಫ್ಲೆಕ್ಸ್ ಬೇಡ ಅಂತ ಮೊದಲೇ ಹೇಳಿ. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗಳಿಗೆ 2022ರ ಜುಲೈ 1ರಿಂದ ನಿಷೇಧ ಇದೆ. ಅದಿಲ್ಲದಿದ್ದರೂ ಒಣಭೂಮಿ ಉಳಿಸುವ ಮಾತಾಡುವವರ ಬೆನ್ನ ಹಿಂದೆ ಪ್ಲಾಸ್ಟಿಕ್ ತೂಗಾಡುವುದು ಚೆನ್ನಾಗಿರುವುದಿಲ್ಲ. ಬಟ್ಟೆ ಬ್ಯಾನರ್ ಮೇಲೆ ತಿಳಿ ಮರಳು ಬಣ್ಣ ಕೆಲವೊಮ್ಮೆ ಹಸಿರಿಗೆ ತಿರುಗುತ್ತದೆ. ಒಂದು ಅಡಿ ತುಂಡು ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಿ.

ಚೀಲ ಕೊಡುವುದಿದ್ದರೆ ಬಾರ್ಮೇರ್ ಕಡೆಯ ಅಚ್ಚು ಮುದ್ರಣದವರಿಗೆ ಕೊಡಿ. ಅಜ್ರಖ್ ಅಚ್ಚುಬಟ್ಟೆಯ ನೀಲಿ, ಮಂಜಿಷ್ಠ ಬೇರಿನ ಕೆಂಪಿಗೆ ಹೆಸರಾದ ಜಾಗ ಅದು. ಮರದ ಅಚ್ಚಿಗೆ ಹೋಗುವ ವಿನ್ಯಾಸದಲ್ಲಿ 2 ಮಿ.ಮೀ.ಗಿಂತ ತೆಳು ಗೆರೆ ಇಡಬೇಡಿ, ಬಣ್ಣ ಹರಡಿ ಮುಚ್ಚಿಕೊಳ್ಳುತ್ತದೆ. ಬಟ್ಟೆ ಬಿಸಿಲಲ್ಲಿ ಒಣಗಬೇಕು, ಒಗೆದು ಮತ್ತೆ ಒಣಗಬೇಕು. ಮುಂದಿನ ವಾರಕ್ಕೆ ಬೇಕು ಅಂದರೆ ಆಗುವ ಕೆಲಸ ಅಲ್ಲ, ಲೋಗೋ ಒಪ್ಪಿಗೆಯಾದ ದಿನವೇ ಅಚ್ಚು ಕೆತ್ತಲು ಹೇಳಿಬಿಡಿ. ಒಂದು ಅಚ್ಚು ಇನ್ನೊಂದಕ್ಕೆ ಕೂದಲೆಳೆ ಆಚೀಚೆ ಬೀಳುತ್ತದೆ. ಅದನ್ನು ಸಮಿತಿಗೆ ಮುಂಚೆಯೇ ತೋರಿಸಿಡಿ, ಇಲ್ಲದಿದ್ದರೆ "ಡಿಫೆಕ್ಟ್ ಪೀಸ್" ಅಂತ ವಾಪಸು ಕಳಿಸಲು ಹೊರಡುತ್ತಾರೆ.

ಸಮ್ಮೇಳನ ಮುಗಿದು ತಿಂಗಳುಗಳಾದ ಮೇಲೆ ಪ್ರಬಂಧಗಳ ಸಂಪುಟ ಬರುತ್ತದೆ. ಅದರ ರಕ್ಷಾಪುಟದ ಕೆಲಸವನ್ನು ಮೊದಲ ಒಪ್ಪಂದದಲ್ಲೇ ಬರೆಸಿಕೊಳ್ಳಿ, ದುಡ್ಡಿನ ಜೊತೆ. ಪುಟಗಳ ಸಂಖ್ಯೆ, ಕಾಗದದ ದಪ್ಪ ಗೊತ್ತಾಗಿ ಪ್ರೆಸ್ಸಿನವರು ಬೆನ್ನಿನ ಅಗಲ ಹೇಳುವ ತನಕ ಮುಖಪುಟ ಮಾತ್ರ ಮಾಡಿಟ್ಟುಕೊಂಡಿರಿ.