ನಾಲ್ವರು ಒಂದೇ ವೇಗದಲ್ಲಿ: ಗೆಳೆಯರೊಂದಿಗೆ ಮ್ಯಾರಥಾನ್ ಓಡಿದ ನನ್ನ ಅನುಭವ

ಗೆಳೆಯರ ಜೊತೆ ಮ್ಯಾರಥಾನ್ ಓಡುತ್ತೇವೆ ಎಂದು ಹೊರಡುವವರಲ್ಲಿ ಅನೇಕರು ಐದಾರು ಕಿಲೋಮೀಟರ್ ಕಳೆಯುವಷ್ಟರಲ್ಲಿ ತಮ್ಮ ತಮ್ಮ ವೇಗಕ್ಕೆ ಚದುರಿಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ನಾಲ್ವರು 42.195 ಕಿಲೋಮೀಟರ್‌ಗಳನ್ನು ಸಾಧ್ಯವಾದಷ್ಟು ದೂರ ನಿಜವಾಗಿಯೂ ಒಟ್ಟಾಗಿಯೇ ಓಡಬೇಕೆಂದು ಬಯಸಿದ್ದೆವು. ಹಾಗೆ ಓಡಲು ಸ್ನೇಹವೊಂದೇ ಸಾಲದು, ಅಭ್ಯಾಸ ಆರಂಭಿಸುವ ಮೊದಲೇ ಕೆಲವು ವಿಷಯಗಳನ್ನು ಬಿಚ್ಚುಮನಸ್ಸಿನಿಂದ ಮಾತನಾಡಿ ತೀರ್ಮಾನಿಸಿಕೊಂಡಿರಬೇಕು ಎಂಬುದು ನನ್ನ ಅನುಭವ.

ಮೊದಲ ತೀರ್ಮಾನ ವೇಗದ್ದು. ನಮ್ಮಲ್ಲಿ ಒಬ್ಬನು ಹಾಫ್ ಮ್ಯಾರಥಾನನ್ನು ಎರಡು ಗಂಟೆಯೊಳಗೆ ಮುಗಿಸುವವನು. ಇನ್ನೊಬ್ಬ ಗೆಳತಿಗೆ ಅಲ್ಲಿಯವರೆಗೆ 10 ಕಿಲೋಮೀಟರ್‌ಗಿಂತ ಹೆಚ್ಚು ಓಡಿದ ಅಭ್ಯಾಸವಿರಲಿಲ್ಲ. ಇಬ್ಬರ ಸರಾಸರಿ ತೆಗೆದರೆ ಅದು ಇಬ್ಬರಿಗೂ ಹೊಂದದ ವೇಗವಾಗುತ್ತದೆ. ಆದ್ದರಿಂದ ನಮ್ಮಲ್ಲಿ ನಿಧಾನವಾಗಿ ಓಡುವವರು ಏದುಸಿರು ಬಿಡದೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡುತ್ತಾ ಓಡಬಲ್ಲ ವೇಗವೇ ನಾಲ್ವರ ವೇಗ ಎಂದು ಗೊತ್ತುಮಾಡಿಕೊಂಡೆವು. ಕೆಲವು ತಿಂಗಳ ಅಭ್ಯಾಸದ ನಂತರ ಅದು ಕಿಲೋಮೀಟರಿಗೆ 6 ನಿಮಿಷ 50 ಸೆಕೆಂಡಿನ ಹತ್ತಿರ ನಿಂತಿತು. ಕೊನೆಯವರೆಗೂ ಹಾಗೆಯೇ ಓಡಿದರೆ 4 ಗಂಟೆ 48 ನಿಮಿಷವಾಗುತ್ತದೆ.

ವಾರದ ಉಳಿದ ದಿನಗಳಲ್ಲಿ ಅವರವರ ಶಕ್ತಿಗೆ ತಕ್ಕಂತೆ ಓಡಿ, ವಾರಕ್ಕೊಂದು ಲಾಂಗ್ ರನ್ ಮಾತ್ರ ತಪ್ಪದೆ ಒಟ್ಟಿಗೆ ಮಾಡಿದೆವು. ಅದನ್ನು ನಿಧಾನವಾಗಿ ಹೆಚ್ಚಿಸುತ್ತಾ, ಸ್ಪರ್ಧೆಗೆ ಮೂರು ವಾರ ಇರುವಾಗ 32 ಕಿಲೋಮೀಟರ್ ಮುಟ್ಟಿಸಿ, ಆಮೇಲೆ ಓಟವನ್ನು ಇಳಿಸಿದೆವು. ಇಲ್ಲಿ ಕಷ್ಟಪಟ್ಟವನು ವೇಗದ ಗೆಳೆಯ. ತನ್ನದಲ್ಲದ ನಿಧಾನ ವೇಗದಲ್ಲಿ ಓಡುವಾಗ ಹೆಜ್ಜೆಯ ಅಳತೆ ಬದಲಾಗುತ್ತದೆ, ಕಾಲಿನ ಮೇಲೆ ಕಳೆಯುವ ಹೊತ್ತೂ ಹೆಚ್ಚುತ್ತದೆ. ಅವನ ಸೊಂಟದ ಪಕ್ಕದ ಸ್ನಾಯುಗಳು ಬಿಗಿಯತೊಡಗಿದ್ದು ಇದೇ ಲಾಂಗ್ ರನ್‌ಗಳಲ್ಲಿ. ಹೆಜ್ಜೆಯನ್ನು ಚಿಕ್ಕದು ಮಾಡಿ, ಪಾದ ಬೀಳುವ ಲಯವನ್ನು ಹಾಗೆಯೇ ಉಳಿಸಿಕೊಂಡ ಮೇಲೆ ಅದು ಸರಿಹೋಯಿತು. ವೇಗದವರಿಗೆ ಜೊತೆಯ ಓಟವೆಂದರೆ ಬಿಡುವಿನ ಓಟ ಎಂದು ಭಾವಿಸುವುದು ಸರಿಯಲ್ಲ. ಅವರೂ ಅದಕ್ಕೆಂದೇ ತಯಾರಾಗಬೇಕು.

ಎರಡನೆಯ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಯಾರಾದರೂ ಹಿಂದೆ ಬಿದ್ದರೆ ಏನು ಮಾಡುವುದು? ಯಾರಿಗಾದರೂ ಶೌಚಾಲಯಕ್ಕೆ ಹೋಗಬೇಕಾದರೆ ಉಳಿದವರು ಮುಂದಿನ ನೀರಿನ ಮೇಜಿನವರೆಗೆ ನಡೆಯುತ್ತಾ ಕಾಯುವುದು, ನಡಿಗೆಯನ್ನೇ ಕುಂಟಿಸುವಂಥ ನೋವು ಬಂದರೆ ಆ ವ್ಯಕ್ತಿ ಓಟ ನಿಲ್ಲಿಸುವುದು, ವೈದ್ಯಕೀಯ ನೆರವು ಸಿಗುವವರೆಗೆ ಒಬ್ಬರು ಜೊತೆಗಿರುವುದು, ಇವೆಲ್ಲ ಸುಲಭವಾಗಿ ಇತ್ಯರ್ಥವಾದವು. ಉಳಿದದ್ದು ದಣಿವಿನ ಪ್ರಶ್ನೆ. ದಣಿದವರು ಸಂಕೋಚದಿಂದ ‘ನನಗಾಗಿ ಕಾಯಬೇಡಿ, ನೀವು ಹೋಗಿ’ ಎಂದೇ ಎನ್ನುತ್ತಾರೆ, ಆ ಮಾತು ಬಾಯಿಂದ ಬಂದದ್ದೋ ಮನಸ್ಸಿನಿಂದ ಬಂದದ್ದೋ ಕೇಳಿದವರಿಗೆ ತಿಳಿಯುವುದಿಲ್ಲ. ಹಾಗಾಗಿ 35 ಕಿಲೋಮೀಟರ್‌ಗೆ ಮೊದಲು ಯಾರು ಆ ಮಾತು ಹೇಳಿದರೂ ಲೆಕ್ಕಕ್ಕಿಲ್ಲ, ಅದರ ನಂತರ ಹೇಳಿದರೆ ಅದನ್ನು ನಂಬಿ ಮುಂದೆ ಹೋಗಬಹುದು, ಆದರೆ ಒಬ್ಬರು ಉಳಿಯಲೇಬೇಕು ಎಂದು ಒಪ್ಪಿಕೊಂಡೆವು.

ಸ್ಪರ್ಧೆಯ ದಿನ ಇಬ್ಬಿಬ್ಬರಾಗಿ ಓಡಿದೆವು; ನಾಲ್ವರು ಅಡ್ಡಲಾಗಿ ಹರಡಿದರೆ ಹಿಂದಿನವರಿಗೆ ದಾರಿ ಕಟ್ಟಿದಂತಾಗುತ್ತದೆ. ಆರಂಭದ ಗುಂಪು ಎಲ್ಲರನ್ನೂ ಮುಂದಕ್ಕೆ ಸೆಳೆಯುವುದರಿಂದ ಗೆಳತಿಯನ್ನು ಮುಂದೆ ಬಿಟ್ಟು, ವೇಗದ ಗೆಳೆಯನನ್ನು ಹಿಂದೆ ಇರಿಸಿದೆವು. ಎದುರುಗಾಳಿ ಬೀಸಿದ ಕಡೆ ಮಾತ್ರ ಈ ಕ್ರಮ ತಿರುವುಮುರುವಾಯಿತು. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ ಪೇಸರ್‌ಗಳು, ಅಂದರೆ ವೇಗ ಕಾಯ್ದುಕೊಳ್ಳಲು ಜೊತೆಗೆ ಓಡುವವರು, ಸರದಿಯಂತೆ ಸುತ್ತುಗಟ್ಟಿ ಗಾಳಿಯನ್ನು ತಡೆದಿದ್ದರು. ನಮ್ಮ ವೇಗದಲ್ಲಿ ಅಷ್ಟು ಲಾಭವಿಲ್ಲದಿದ್ದರೂ, ಮುಂದೊಂದು ಬೆನ್ನು ಇದ್ದರೆ ಓಟ ಹಗುರವೆನಿಸುವುದು ನಿಜ. ನೀರಿನ ಮೇಜುಗಳ ಬಳಿ ಚದುರದಿರಲು, ಕೊನೆಯ ಮೇಜು ದಾಟಿದ ಮೇಲೆ ರಸ್ತೆಯ ಅಂಚಿನಲ್ಲಿ ಸೇರುತ್ತಿದ್ದೆವು.

ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಸ್ನಾಯುಗಳಲ್ಲಿರುವ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯ ರೂಪದ ಇಂಧನ, ಬಹುಮಟ್ಟಿಗೆ ಖರ್ಚಾಗಿರುತ್ತದೆ ಎಂದು ಓದಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಗೆಳತಿಯಲ್ಲಿ. ಅಲ್ಲಿಯವರೆಗೆ ಪೂರ್ತಿ ವಾಕ್ಯಗಳಲ್ಲಿ ಉತ್ತರಿಸುತ್ತಿದ್ದವಳ ಮಾತು ಮೊದಲು ‘ಹೂಂ’ ಆಯಿತು, ಆಮೇಲೆ ಬರೀ ತಲೆಯಾಡಿಸುವಿಕೆಯಾಯಿತು. ಅವಳ ಟೋಪಿಯ ಅಂಚಿನಲ್ಲಿ ಬೆವರಿನ ಉಪ್ಪು ಬಿಳಿ ಗೆರೆಯಾಗಿ ಕಟ್ಟಿತ್ತು. ನಲವತ್ತು ನಿಮಿಷಕ್ಕೊಂದರಂತೆ ತೆಗೆದುಕೊಳ್ಳಬೇಕಿದ್ದ, ಓಡುವಾಗ ಶಕ್ತಿ ಕೊಡುವ ಸಿಹಿ ಜೆಲ್‌ನ ಪೊಟ್ಟಣವನ್ನು ನಾನು ಹರಿದು ಕೈಗಿತ್ತರೂ ಅವಳು ಅದನ್ನು ಸುಮ್ಮನೆ ಹಿಡಿದುಕೊಂಡೇ ಓಡುತ್ತಿದ್ದಳು. ನಾಲ್ವರೂ ನಡಿಗೆಗೆ ಇಳಿದೆವು. ಅವಳು ಜೆಲ್ ನುಂಗಿ, ಮೇಲೆ ಎರಡು ಗುಟುಕು ನೀರು ಕುಡಿದಳು. ಬಾಯಾರಿಕೆಗೆ ಮೀರಿ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ಅಪಾಯಕರವಾಗಿ ತಗ್ಗಬಹುದಾದ್ದರಿಂದ ಹೆಚ್ಚು ಕುಡಿಯಲು ಒತ್ತಾಯಿಸಲಿಲ್ಲ. ಅಲ್ಲಿಂದ ಮುಂದೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹತ್ತು ನಿಮಿಷ ಕಳೆದ ಮೇಲೆ ಮುಂದಿನ ನೀರಿನ ಮೇಜು ಎಷ್ಟು ದೂರವಿದೆ ಎಂದು ಅವಳಾಗಿಯೇ ಕೇಳಿದಳು.

ಮೂವತ್ತೇಳನೆಯ ಕಿಲೋಮೀಟರಿನಲ್ಲಿ ಅವಳು ‘ನೀವು ಹೋಗಿ’ ಎಂದಳು. ಒಪ್ಪಂದದಂತೆ ಆ ಮಾತನ್ನು ನಂಬಿದೆವು. ಇಬ್ಬರು ಮುಂದೆ ಹೋದೆವು. ಅವಳ ಜೊತೆ ಉಳಿದವನು ವೇಗದ ಗೆಳೆಯ, ಅದೂ ತಾನಾಗಿಯೇ. ಅವರಿಬ್ಬರು ಐದು ಗಂಟೆ ದಾಟಿದ ಕೆಲವು ನಿಮಿಷಗಳಲ್ಲಿ ಓಟ ಮುಗಿಸುವಾಗ ನಾವು ಗೆರೆಯ ಆಚೆ, ಕಾಲು ಹಿಡಿದುಕೊಳ್ಳದಂತೆ ಅತ್ತಿತ್ತ ನಡೆಯುತ್ತಾ ಕಾಯುತ್ತಿದ್ದೆವು. ಮುಂದಿನ ಓಟಕ್ಕೂ ಅದೇ ಒಪ್ಪಂದವಿರುತ್ತದೆ. ಸೇರಿಸಿರುವುದು ಒಂದೇ: 25 ಕಿಲೋಮೀಟರ್ ದಾಟಿದ ಮೇಲೆ ಪ್ರತಿಯೊಬ್ಬರ ಜೆಲ್‌ನ ಹೊತ್ತನ್ನು ಪಕ್ಕದಲ್ಲಿ ಓಡುವವರು ನೋಡಿಕೊಳ್ಳಬೇಕು.