ದ್ರಾಸ್‌ನ ಡೇರೆಯಿಂದ ಅಡಿಕೆ ತೋಟಕ್ಕೆ: ಒಬ್ಬ ವೈದ್ಯನ ಅನುಭವ

1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಾನು ಸೇನಾ ವೈದ್ಯಕೀಯ ದಳದ ಕ್ಯಾಪ್ಟನ್ ಆಗಿ, ದ್ರಾಸ್ ವಲಯದಲ್ಲಿದ್ದ ಒಂದು ಬೆಟಾಲಿಯನ್ನಿನ ವೈದ್ಯಾಧಿಕಾರಿಯಾಗಿದ್ದೆ. ಹತ್ತು ಸಾವಿರ ಅಡಿಗೂ ಮೇಲಿನ ಆ ಕಣಿವೆಯಲ್ಲಿ ನಮ್ಮ ಚಿಕಿತ್ಸಾ ಕೇಂದ್ರವೆಂದರೆ ಬಂಡೆಯ ಮರೆಯಲ್ಲಿ ಹಾಕಿದ ಡೇರೆ. ಗಾಯಾಳು ಬದುಕುವನೋ ಇಲ್ಲವೋ ಎಂಬುದು ಬಹಳಷ್ಟು ಸಲ ಅವನು ನನ್ನ ಬಳಿಗೆ ಬರುವ ಮೊದಲೇ, ಗುಡ್ಡದ ಇಳಿಜಾರಿನಲ್ಲಿ ರಕ್ತ ಸೋರುವ ಜಾಗವನ್ನು ಒತ್ತಿ ಕಟ್ಟಿ, ಮುರಿದ ಕಾಲನ್ನು ಅಲುಗದಂತೆ ಬಿಗಿದು, ಕತ್ತಲಲ್ಲಿ ಹೊತ್ತು ತಂದವರ ಕೈಯಲ್ಲೇ ತೀರ್ಮಾನವಾಗಿರುತ್ತಿತ್ತು. ಶಾಂತಿಕಾಲದಲ್ಲಿ ಬ್ಯಾಂಡ್ ನುಡಿಸುವ ಸೈನಿಕರೇ ಯುದ್ಧಕಾಲದಲ್ಲಿ ಸ್ಟ್ರೆಚರ್ ಹೊರುತ್ತಾರೆಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ.

ಸೇವಾವಧಿ ಮುಗಿಸಿ ತೀರ್ಥಹಳ್ಳಿ ಸೀಮೆಯಲ್ಲಿ ಚಿಕಿತ್ಸಾಲಯ ತೆರೆದೆ. ಜ್ವರ, ಬಿಪಿ, ಸಕ್ಕರೆ ಕಾಯಿಲೆಗಳು ಎಲ್ಲ ಊರಿನಂತೆಯೇ ಇದ್ದವು. ನನ್ನನ್ನು ಕಾಡಿದ್ದು ಅಡಿಕೆ ಮರದಿಂದ ಬಿದ್ದ ಕೊನೆಗಾರರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ, ಔಷಧಿ ಹೊಡೆಯುವ ಕೆಲಸಗಾರರು. ಮಳೆಯಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ಜಾರುವ ಮರ ಹತ್ತಿ ಬಿದ್ದವನನ್ನು ಗಾಬರಿಯಲ್ಲಿ ಕೈಕಾಲು ಹಿಡಿದೆತ್ತಿ ಜೀಪಿನಲ್ಲಿ ಕೂರಿಸಿದರೆ, ಮುರಿದ ಬೆನ್ನುಮೂಳೆ ಸರಿದು ಬೆನ್ನುಹುರಿಗೂ ಪೆಟ್ಟಾಗಬಹುದು.

ಹೀಗಾಗಿ ಕೊನೆಗಾರರು, ಆಟೋ ಮತ್ತು ಜೀಪು ಚಾಲಕರು, ಆಶಾ ಕಾರ್ಯಕರ್ತೆಯರನ್ನು ಸೇರಿಸಿ ಬಿಡುವಿನ ಭಾನುವಾರಗಳಲ್ಲಿ ಉಚಿತವಾಗಿ ತರಬೇತಿ ಕೊಡತೊಡಗಿದೆ. ಬಿದ್ದವನ ತಲೆಯನ್ನು ಒಬ್ಬರು ಎರಡೂ ಕೈಯಿಂದ ಹಿಡಿದುಕೊಳ್ಳಬೇಕು. ಅವರು ಹೇಳಿದಾಗಲೇ ಉಳಿದವರು ಮೈಯನ್ನು ಒಟ್ಟಾಗಿ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು. ಮುಂಗೈ ಮುರಿದಿದ್ದರೆ ತೋಟದಲ್ಲಿ ಬೀಳುವ ಅಡಿಕೆ ಹಾಳೆಯೇ (ಅಡಿಕೆ ಸೋಗೆಯ ಬುಡದ ಅಗಲವಾದ ಭಾಗ) ಸಾಕು: ನೀರಿನಲ್ಲಿ ನೆನೆಸಿದ ಹಾಳೆ ಕೈಯ ಆಕಾರಕ್ಕೆ ಬಾಗುತ್ತದೆ, ಒಳಗೆ ಮೆತ್ತನೆಯ ಬಟ್ಟೆಯಿಟ್ಟು, ಮುರಿದ ಜಾಗದ ಮೇಲೆ ಮತ್ತು ಕೆಳಗೆ ಕಟ್ಟಿ, ಬೆರಳಿನ ಉಗುರನ್ನು ಒತ್ತಿ ಬಿಟ್ಟಾಗ ಕೆಂಪು ಬಣ್ಣ ತಕ್ಷಣ ಮರಳದಿದ್ದರೆ ಕಟ್ಟನ್ನು ಸಡಿಲಿಸಬೇಕು. ಸೈನ್ಯದ ಉಪಕರಣಕ್ಕಿಂತ ಇದು ಕಡಿಮೆಯೇನಲ್ಲ ಎಂಬುದು ನನ್ನ ಅಭಿಪ್ರಾಯ.

ಹಾವು ಕಡಿತದಲ್ಲಿ ಮಾತ್ರ ಯುದ್ಧದ ಪಾಠ ತಿರುಗುಮುರುಗು. ಅಲ್ಲಿ ಕಟ್ಟಿ ಎಂದು ಕಲಿಸುತ್ತಿದ್ದ ನಾನು ಇಲ್ಲಿ ಕಟ್ಟಬೇಡಿ ಎನ್ನುತ್ತೇನೆ, ಏಕೆಂದರೆ ಬಿಗಿದ ಹಗ್ಗ ವಿಷವನ್ನು ತಡೆಯುವ ಬದಲು ಕಾಲನ್ನೇ ಕೊಳೆಸಬಹುದು. ಕಟ್ಟಿಕೊಂಡೇ ಬಂದವರ ಹಗ್ಗವನ್ನು ಒಮ್ಮೆಲೇ ಕತ್ತರಿಸದೆ, ಪ್ರತಿವಿಷ ಸಿದ್ಧವಿಟ್ಟುಕೊಂಡು ನಿಧಾನವಾಗಿ ಸಡಿಲಿಸುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವುಳ್ಳ ಕೊಳಕು ಮಂಡಲ ಹಾವಿನ ಅನುಮಾನವಿದ್ದಾಗ ರಕ್ತವನ್ನು ಒಣಗಿದ, ಶುಚಿಯಾದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಒಮ್ಮೆ ಓರೆ ಮಾಡುತ್ತೇವೆ. ಹೆಪ್ಪುಗಟ್ಟದಿದ್ದರೆ ವಿಷವೇರಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆ ಇದಕ್ಕೆ ಆಗದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ವರದಿಯನ್ನು ಕಡ್ಡಾಯಗೊಳಿಸಿದ ಮೇಲೆ ನಮ್ಮಂಥ ಖಾಸಗಿ ವೈದ್ಯರೂ ಪ್ರಕರಣಗಳನ್ನು ತಿಳಿಸಬೇಕಾಗಿದೆ. ಬರಹದ ಕೆಲಸ ಹೆಚ್ಚಿದರೂ ಇದು ಬಹಳ ಹಿಂದೆಯೇ ಆಗಬೇಕಿತ್ತು.

ಚಾಲಕರು ಬದಲಾಗುತ್ತಲೇ ಇರುವುದರಿಂದ ಪ್ರತಿವರ್ಷ ಮುಂಗಾರಿಗೆ ಮೊದಲು ತರಬೇತಿಯನ್ನು ಮತ್ತೆ ನಡೆಸುತ್ತೇವೆ. ಹೊರಳಿಸುವ ಪಾಠವನ್ನು ಈಗ ಹಿರಿಯ ಕೊನೆಗಾರರೊಬ್ಬರು ಹೇಳಿಕೊಡುತ್ತಾರೆ.