ಮರಕುಟಿಗದ ಓಡಾಟದ ಜಾಗ ಅಳೆಯುವುದು ಹೇಗೆ?

ಹುಳು ಜಾಸ್ತಿ ಸಿಗುವ ಕಡೆ ಮರಕುಟಿಗಕ್ಕೆ ದೂರ ಹಾರುವ ಗರಜಿಲ್ಲ. ಕಡಿಮೆಯಿದ್ದರೆ ಸುತ್ತಾಟ ಜಾಸ್ತಿ. ಅಮೆರಿಕದ ಕಪ್ಪುಬೆನ್ನಿನ ಮರಕುಟಿಗದಲ್ಲಿ ಇದನ್ನೇ ಕಂಡಿದ್ದಾರೆ: ಕಾಳ್ಗಿಚ್ಚಿಗೆ ಸತ್ತ ಮರ ದಟ್ಟವಾಗಿದ್ದಲ್ಲಿ ಅದರ ಜಾಗ ಚಿಕ್ಕದು, ಯಾಕಂದ್ರೆ ಅಲ್ಲಿ ಕೊರೆಹುಳು ಹೇರಳ.

ನೀವು ಖಾನಾಪುರದ ಕಡೆಯವರಾದರೆ ಒಂದು ಜೋಡಿ ಹೊಂಬೆನ್ನಿನ ಮರಕುಟಿಗ ಆರಿಸಿಕೊಳ್ಳಿ. ಗಂಡಿಗೆ ನೆತ್ತಿಯೆಲ್ಲ ಕೆಂಪು, ಹೆಣ್ಣಿಗೆ ನೆತ್ತಿಯ ಮುಂಭಾಗ ಕಪ್ಪು, ಮೇಲೆ ಬಿಳಿ ಚುಕ್ಕೆ. ಕಂಡಲ್ಲೆಲ್ಲ ಮೊಬೈಲ್ ಮ್ಯಾಪಿನಲ್ಲಿ ಗುರುತು ಹಾಕಿ, ಯಾವ ಮರ, ಕಾಂಡವೋ ಕೊಂಬೆಯೋ, ಏನು ತಿಂದಿತು ಅಂತಲೂ ಬರೆದುಕೊಳ್ಳಿ. ಹೊರಗಿನ ಗುರುತುಗಳನ್ನು ಗೆರೆ ಎಳೆದು ಸೇರಿಸಿದರೆ ಒಳಗಿನದೇ ಅಂದಾಜು ಜಾಗ. ಗುರುತು ಕಡಿಮೆಯಾದರೆ ಅದು ಸುಮ್ನೆ ಚಿಕ್ಕದಾಗಿ ಕಾಣುತ್ತದೆ, ಆತುರ ಬೇಡ.

ಈಗ ಅದರೊಳಗಿನ ಒಣ ಮರ, ಇರುವೆ ಗೂಡು, ಗೆದ್ದಲು ಹತ್ತಿದ ಕಾಂಡ ಎಣಿಸಿ. ತೊಗಟೆ ಸುಲಿದು ನೋಡಬೇಡಿ, ಅದು ಹಕ್ಕಿಯ ಬುತ್ತಿ ಅಲ್ವಾ! ಬಾಗಲಕೋಟೆ ಕಡೆ ಗೆಳೆಯರಿದ್ದರೆ ಹೊಲದ ಬದುವಿನ ಬೇವು, ಜಾಲಿಗಳಲ್ಲೂ ಇದೇ ಕೆಲಸ ಮಾಡಿಸಿ, ಹೋಲಿಸಿ. ಎರಡೂ ಕಡೆ ಒಂದೇ ಕಾಲದಲ್ಲಿ ಆಗಲಿ. ಮರಿಗೆ ಉಣಿಸುವಾಗ ಹಕ್ಕಿ ಹೆಚ್ಚಾಗಿ ಗೂಡಿನ ಆಸುಪಾಸಿನಲ್ಲೇ ಇರುತ್ತದೆ. ಭೀಮಗಡ ಅಭಯಾರಣ್ಯದೊಳಗೆ ಹೋಗುವುದಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ.